ರೋಮ್ ಬಿದ್ದ ಮೇಲೆ ಬರೆದ ಪುಸ್ತಕ

ಕ್ರೈಸ್ತ ನೋಟದ ಚರಿತ್ರೆಯೆಂದರೆ ಗೆದ್ದ ಅರಸನ ಬೆನ್ನಿಗೆ ದೇವರನ್ನು ನಿಲ್ಲಿಸುವುದು ಎಂದುಕೊಂಡವರಿಗೆ ಚರ್ಚಿನ ಚರಿತ್ರೆಕಾರ ಯುಸೀಬಿಯಸ್ ಸಾಕು. ಕಾನ್‌ಸ್ಟಂಟೈನ್ ಚಕ್ರವರ್ತಿಯನ್ನು ಆತ ಹೊಗಳಿದ ಪರಿ ನಮ್ಮ ಆಸ್ಥಾನಕವಿಗಳನ್ನೂ ನಾಚಿಸುವಂಥದ್ದು. ನನಗೆ ಹಿಡಿಸುವವನು ಅಗಸ್ಟೀನ್. 410ರಲ್ಲಿ ಗಾಥರ ದೊರೆ ಅಲಾರಿಕ್‌ನ ಪಡೆ ರೋಮನ್ನು ಲೂಟಿ ಮಾಡಿದಾಗ, ರೋಮನ್ನರು ಕ್ರೈಸ್ತರಾಗಿ ಹಳೆಯ ದೇವತೆಗಳನ್ನು ಕೈಬಿಟ್ಟದ್ದೇ ಕಾರಣವೆಂದು ಗುಲ್ಲೆದ್ದಿತು. ಉತ್ತರ ಆಫ್ರಿಕದ ಹಿಪ್ಪೊದಲ್ಲಿ ಬಿಷಪನಾಗಿದ್ದ ಅಗಸ್ಟೀನ್ ಅದಕ್ಕೆ ಉತ್ತರವಾಗಿ 413ರಿಂದ 426ರವರೆಗೆ ‘ದೇವರ ನಗರ’ದ 22 ಭಾಗಗಳನ್ನು ಬರೆದ. ಪುಸ್ತಕ ಅಲ್ಲಲ್ಲಿ ಎಳೆದಂತಿದೆ, ನಿಜ. ಆದರೆ ಯಾವ ಸಾಮ್ರಾಜ್ಯವೂ, ಕ್ರೈಸ್ತರದ್ದೇ ಆದರೂ, ದೇವರ ರಾಜ್ಯವಲ್ಲ ಎಂಬುದರಲ್ಲಿ ಆತನಿಗೆ ಅಳುಕಿಲ್ಲ. ನಾಲ್ಕನೆಯ ಭಾಗದಲ್ಲಿ, ಸೆರೆಸಿಕ್ಕ ಕಡಲ್ಗಳ್ಳನೊಬ್ಬ ಅಲೆಕ್ಸಾಂಡರನಿಗೇ ಎದುರುತ್ತರ ಕೊಡುತ್ತಾನೆ: ತನ್ನದು ಒಂದು ಹಡಗು, ಅರಸನದು ನೌಕಾಪಡೆ, ವ್ಯತ್ಯಾಸ ಅಷ್ಟೇ. ರಾಜಕೀಯ ಓದುವವರು ಅಲ್ಲಿಂದಲೇ ಶುರುಮಾಡಬಹುದು.