ಮರೆಗುಳಿಗಳ ಆರೈಕೆಗೆ ತಕ್ಕ ಅಳತೆಗೋಲು

ಹಾಲನ್ನು ಗಜಕಡ್ಡಿಯಿಂದ ಅಳೆಯುವವರಿಲ್ಲ. ಬಟ್ಟೆಯನ್ನು ಸೇರಿನಿಂದ ಅಳೆಯುವವರೂ ಇಲ್ಲ. ಯಾವುದಕ್ಕೆ ಯಾವ ಅಳತೆ ತಕ್ಕುದೆಂಬ ವಿವೇಕ ಸಂತೆಯ ವ್ಯಾಪಾರಿಗೂ ಉಂಟು. ಹೀಗಿರಲು, ಡಿಮೆನ್ಷಿಯವೆಂಬ ಮರೆವಿನ ರೋಗಕ್ಕೆ ತುತ್ತಾದವರಿಗೆ ಎಷ್ಟು ಆರೈಕೆ ಬೇಕೆಂಬುದನ್ನು ನಿರ್ಣಯಿಸುವ ಕಾರ್ಯದಲ್ಲಿ, ವಿಜ್ಞಾನಕ್ಕೆ ಹೆಸರಾದ ಜರ್ಮನಿಯೇ ಇಪ್ಪತ್ತೆರಡು ವರ್ಷಗಳ ಕಾಲ ತಕ್ಕುದಲ್ಲದ ಅಳತೆಗೋಲನ್ನು ಹಿಡಿದು ನಡೆಯಿತೆಂದರೆ ಓದುಗರಿಗೆ ಸೋಜಿಗವಾದೀತು.

ಅರವತ್ತಕ್ಕೆ ಅರಳುಮರಳು ಎಂಬ ನಾಣ್ಣುಡಿ ನಮ್ಮಲ್ಲಿದೆ. ಆದರೆ ಡಿಮೆನ್ಷಿಯವು ಮುಪ್ಪಿನ ಸಹಜ ಲಕ್ಷಣವಲ್ಲ. ಅದು ಮಿದುಳಿನ ಜೀವಕೋಶಗಳನ್ನು ಹಾಳುಗೆಡಹುವ ರೋಗಗಳ ಫಲ. ಅವುಗಳಲ್ಲಿ ಮುಖ್ಯವಾದುದನ್ನು ಜರ್ಮನಿಯ ವೈದ್ಯರಾದ ಆಲೋಯಿಸ್ ಆಲ್ಜ್‌ಹೈಮರ್ ಅವರೇ 1906ರಲ್ಲಿ ಟ್ಯೂಬಿಂಗೆನ್ ನಗರದ ಸಭೆಯೊಂದರಲ್ಲಿ ವರ್ಣಿಸಿದರು. ಈ ರೋಗದಲ್ಲಿ ಬಹುಕಾಲದವರೆಗೆ ಕೈಕಾಲುಗಳು ಗಟ್ಟಿಯಾಗಿಯೇ ಉಳಿಯುವುದುಂಟು. ರೋಗಿಯು ವೃದ್ಧೆಯೆಂದಿಟ್ಟುಕೊಳ್ಳೋಣ. ಆಕೆ ನಡೆಯಬಲ್ಲಳು, ತುತ್ತೆತ್ತಿ ಉಣ್ಣಬಲ್ಲಳು. ಆದರೆ ಒಲೆ ಉರಿಯುತ್ತಿದೆಯೆ, ಆಗಲೇ ಮಾತ್ರೆ ನುಂಗಿಯಾಯಿತೆ, ಹೊರಗಿರುವುದು ಹಗಲೋ ಇರುಳೋ ಎಂಬುದನ್ನು ಅರಿಯಲಾರಳು. ಆಕೆಗೆ ಬೇಕಾದುದು ಇನ್ನೊಬ್ಬರ ಕೈಗಿಂತಲೂ ಹೆಚ್ಚಾಗಿ ಇನ್ನೊಬ್ಬರ ಕಣ್ಣು.

ಆರೈಕೆಯ ಅಳತೆಗಳಾದರೋ ಹುಟ್ಟಿದ್ದು ದೇಹ ಸೋತವರನ್ನು ನೋಡಿ. 1963ರಲ್ಲಿ ಅಮೆರಿಕದ ಸಿಡ್ನಿ ಕಾಟ್ಜ್ ಮತ್ತು ಅವರ ಸಂಗಡಿಗರು ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಏಳುವುದು, ಮಲಮೂತ್ರಗಳ ಹತೋಟಿ, ಊಟ ಎಂಬ ಆರು ಕ್ರಿಯೆಗಳ ಮಾಪಕವನ್ನು ಪ್ರಕಟಿಸಿದರು. 1969ರಲ್ಲಿ ಲಾಟನ್ ಮತ್ತು ಬ್ರಾಡಿ ಎಂಬವರು ಟೆಲಿಫೋನು, ಖರೀದಿ, ಔಷಧಿ, ಹಣದ ವ್ಯವಹಾರ ಮೊದಲಾದವುಗಳ ಇನ್ನೊಂದು ಮಾಪಕವನ್ನಿತ್ತರು. (ಅಡಿಗೆ, ಮನೆಗೆಲಸ, ಬಟ್ಟೆ ಒಗೆಯುವುದು ಇವುಗಳ ಅಂಕಗಳನ್ನು ಅದರಲ್ಲಿ ಗಂಡಸರಿಗೆ ಲೆಕ್ಕ ಹಿಡಿಯುತ್ತಿರಲಿಲ್ಲ! ಅಳತೆಗೋಲಿಗೂ ತಾನು ಹುಟ್ಟಿದ ಮನೆಯ ವಾಸನೆ ಅಂಟಿರುತ್ತದೆ.)

ಜರ್ಮನಿಯು 1995ರಲ್ಲಿ ಶುಶ್ರೂಷಾ ವಿಮೆಯನ್ನು ಸ್ಥಾಪಿಸಿದಾಗ, ಸಹಾಯಧನವನ್ನು ಹಂಚುವುದಕ್ಕೆ ಗಡಿಯಾರವನ್ನು ಆಶ್ರಯಿಸಿತು. ಮೂರು ಮೆಟ್ಟಲುಗಳು. ಮೊದಲನೆಯದನ್ನು ಏರಬೇಕಾದರೆ ದಿನಕ್ಕೆ ಸರಾಸರಿ 90 ನಿಮಿಷಗಳ ನೆರವು ಬೇಕಾಗಿರಬೇಕು. ಅದರಲ್ಲಿ 45 ನಿಮಿಷಗಳಿಗಿಂತ ಹೆಚ್ಚು ಭಾಗ ಮೈತೊಳೆತ, ಊಟ, ಚಲನೆ ಇವುಗಳಿಗೇ ಮೀಸಲಾಗಿರಬೇಕು. ಎರಡನೆಯದಕ್ಕೆ 3 ಗಂಟೆ, ಮೂರನೆಯದಕ್ಕೆ 5 ಗಂಟೆ. ಪರೀಕ್ಷಕರ ಕೈಪಿಡಿಯಲ್ಲಿ ಒಂದೊಂದು ಕೆಲಸಕ್ಕೂ ಕಾಲ ಗೊತ್ತುಮಾಡಿದ್ದರು: ತಲೆ ಬಾಚುವುದಕ್ಕೆ 1ರಿಂದ 3 ನಿಮಿಷ, ಹಲ್ಲುಜ್ಜುವುದಕ್ಕೆ 5 ನಿಮಿಷ, ಇಡೀ ಮೈ ತೊಳೆಯುವುದಕ್ಕೆ 20ರಿಂದ 25 ನಿಮಿಷ. ಈ ಕೆಲಸಗಳ ನಡುವೆ ರೋಗಿಗೆ ಹೇಳಿಕೊಟ್ಟು ಕಾದು ನಿಂತ ಹೊತ್ತು ಲೆಕ್ಕಕ್ಕೆ ಬರುತ್ತಿತ್ತು. ಆದರೆ ಉಳಿದ ಹೊತ್ತಿನಲ್ಲಿ ಸುಮ್ಮನೆ ಕಣ್ಣಿಟ್ಟಿರುವುದು, ಕಾಯುವುದು, ಹೆದರಿದ ಜೀವವನ್ನು ಸಮಾಧಾನಪಡಿಸುವುದು ಇವು ಕೆಲಸವೆಂದೇ ಎಣಿಕೆಯಾಗಲಿಲ್ಲ. ನಮ್ಮ ಆ ವೃದ್ಧೆ ರಾತ್ರಿ ಐದು ಸಲ ಎದ್ದು ಬೀದಿಯ ಬಾಗಿಲಿಗೆ ನಡೆದರೆ, ಐದು ಸಲವೂ ಎದ್ದು ಕರೆತಂದ ಮಗಳ ನಿದ್ದೆಗೆ ಆ ಗಡಿಯಾರದಲ್ಲಿ ಮುಳ್ಳಿರಲಿಲ್ಲ.

ತೇಪೆಗಳೇನೋ ಬಿದ್ದುವು. ವಿಶೇಷ ಕಾವಲು ಬೇಕಾದವರಿಗೆ 2002ರಿಂದ ವರ್ಷಕ್ಕೆ 460 ಯೂರೋಗಳವರೆಗೆ, ಎಂದರೆ ದಿನಕ್ಕೆ ಒಂದೂಕಾಲು ಯೂರೋ, ದೊರೆಯತೊಡಗಿತು. ಇಷ್ಟಕ್ಕೆ ಯಾರ ರಾತ್ರಿಯನ್ನು ಕೊಳ್ಳಬಹುದೋ ನಾವು ಅರಿಯೆವು. ಕಟ್ಟಕಡೆಗೆ 2017ರ ಜನವರಿ 1ರಿಂದ ನಿಮಿಷಗಳನ್ನು ಬಿಟ್ಟು, ರೋಗಿಯು ಎಷ್ಟರ ಮಟ್ಟಿಗೆ ಸ್ವಾವಲಂಬಿಯೆಂಬ ಪ್ರಶ್ನೆಯನ್ನು ಎತ್ತಿಕೊಂಡರು. ನೂರು ಅಂಕಗಳು, ಐದು ದರ್ಜೆಗಳು. ಗ್ರಹಣಶಕ್ತಿ, ನಡತೆ, ಇರುಳಿನ ಚಡಪಡಿಕೆ ಇವೆಲ್ಲ ಈಗ ಎಣಿಕೆಗೆ ಬಂದುವು. ದೇಹಮಾತ್ರ ಸೋತವರು ಮೊದಲ ಮೆಟ್ಟಲಿನಿಂದ ಎರಡನೆಯ ದರ್ಜೆಗೆ ಹೋದರೆ, ಅದೇ ಮೆಟ್ಟಲಿನಲ್ಲಿದ್ದ ಮರೆಗುಳಿಗಳು ಮೂರನೆಯ ದರ್ಜೆಗೆ ಏರಿದರು. ಹಳೆಯ ಲೆಕ್ಕ ಎಷ್ಟು ಕಡಮೆ ತೂಗುತ್ತಿತ್ತೆಂಬುದಕ್ಕೆ ಸರಕಾರವೇ ಕೊಟ್ಟ ಸಾಕ್ಷಿ ಇದೆಂದು ನಾವು ತಿಳಿಯುತ್ತೇವೆ.

ಹೊಸ ಮಾಪಕವೂ ನಮಗೆ ಪೂರ್ಣ ಒಪ್ಪಿಗೆಯಾಗುವಂಥದಲ್ಲ. ಅದರಲ್ಲಿ ಮೈಯ ಆರೈಕೆಗೆ ನೂರರಲ್ಲಿ 40ರ ತೂಕವಿದೆ. ಗ್ರಹಣಶಕ್ತಿ ಮತ್ತು ನಡತೆ ಎರಡೂ ಸೇರಿ 15. ಅದೂ ಅವೆರಡರಲ್ಲಿ ಯಾವುದು ಹೆಚ್ಚೋ ಅದೊಂದೇ ಲೆಕ್ಕಕ್ಕೆ ಬರುವುದು. ಮಕ್ಕಳ ಗುರುತು ಹತ್ತದಿರುವುದು ಒಂದು ಕಷ್ಟ, ಮಕ್ಕಳನ್ನು ಕಳ್ಳರೆಂದು ಭ್ರಮಿಸಿ ಹೊಡೆಯಹೋಗುವುದು ಇನ್ನೊಂದು ಕಷ್ಟ. ಇವೆರಡೂ ಒಂದೇ ಮನೆಯಲ್ಲಿ ಕೂಡಿದಾಗ ಒಂದನ್ನು ಕೈಬಿಡುವುದು ಯಾವ ನ್ಯಾಯ?

ಜಪಾನೂ ಈ ದಾರಿಯಲ್ಲೇ ಮುಗ್ಗರಿಸಿತು. 2000ದ ಏಪ್ರಿಲಿನಲ್ಲಿ ಶುಶ್ರೂಷಾ ವಿಮೆಯನ್ನು ಆರಂಭಿಸಿದಾಗ, ಶುಶ್ರೂಷಾಲಯಗಳ ಸಿಬ್ಬಂದಿ ಯಾರಿಗೆ ಎಷ್ಟು ಹೊತ್ತು ದುಡಿದರೆಂದು ನಿಮಿಷನಿಮಿಷವಾಗಿ ಬರೆದಿಟ್ಟ ಲೆಕ್ಕವನ್ನು ಆಧರಿಸಿ ಗಣಕಯಂತ್ರದಿಂದ ಮೊದಲ ನಿರ್ಣಯವನ್ನು ಪಡೆಯುತ್ತಿದ್ದರು. ಶುಶ್ರೂಷಾಲಯದಲ್ಲಿ ಒಬ್ಬ ಕಾವಲಿನವನ ಕಣ್ಣು ಇಪ್ಪತ್ತು ಮಂದಿಯ ಮೇಲಿರಬಹುದು. ಮನೆಯಲ್ಲಿ ಒಬ್ಬರಿಗಾಗಿ ಒಬ್ಬರು ಇಡೀ ದಿನ ಕಟ್ಟುಬಿದ್ದಿರಬೇಕು. ನಡೆದಾಡಬಲ್ಲ ಮರೆಗುಳಿಗಳಿಗೆ ಅನ್ಯಾಯವಾಯಿತೆಂಬ ದೂರು ಅಲ್ಲಿಯೂ ಎದ್ದು, 2003ರಲ್ಲಿ ಲೆಕ್ಕವನ್ನು ತಿದ್ದಬೇಕಾಯಿತು.

ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಈ ರೋಗವಿರಬಹುದೆಂದು 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಜರ್ಮನಿಯಂಥ ಸಾರ್ವತ್ರಿಕ ಶುಶ್ರೂಷಾ ವಿಮೆ ನಮ್ಮಲ್ಲಿಲ್ಲ. ಭಾರವೆಲ್ಲ ಬಹುಮಟ್ಟಿಗೆ ಮನೆಯವರದೇ. ನಾಳೆ ಸರಕಾರವೋ ವಿಮಾ ಸಂಸ್ಥೆಯೋ ನೆರವು ಕೊಡಹೊರಟರೆ, ಮೊದಲು ಬರುವುದು ಅಳೆಯುವ ಪ್ರಶ್ನೆ. ಆಗ ಒಂದು ಸಂಗತಿಯನ್ನು ಮರೆಯತಕ್ಕುದಲ್ಲ. ಪರೀಕ್ಷಕನು ಬಂದ ದಿನ ರೋಗಿಯು ಹೊರಗಿನವರೆದುರು ಮರ್ಯಾದೆಯನ್ನು ಕಾಯ್ದುಕೊಳ್ಳಲು ಇರುವ ಶಕ್ತಿಯನ್ನೆಲ್ಲ ಒಗ್ಗೂಡಿಸಿಕೊಳ್ಳುವುದುಂಟು. ‘ಅಡಿಗೆ ನಾನೇ ಮಾಡುತ್ತೇನೆ, ಸ್ನಾನಕ್ಕೆ ಯಾರ ಹಂಗೂ ಬೇಡ’ ಎಂದು ನಗುನಗುತ್ತ ಉತ್ತರಿಸಿ, ಅಡಿಗೆಮನೆಗೆ ಕಾಲಿಟ್ಟು ವರ್ಷವಾಗಿರುವ ಅಜ್ಜಿ ಒಂದು ಗಂಟೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗಿಬಿಡುತ್ತಾಳೆ. ಎದುರಿಗೇ ಅದನ್ನು ಅಲ್ಲಗಳೆಯುವುದು ಮಗಳಿಗೂ ಸೊಸೆಗೂ ಸಂಕೋಚ. ಆದುದರಿಂದ ಪರೀಕ್ಷಕನು ಮನೆಯವರನ್ನು ಬೇರೆಯಾಗಿ, ಹಿರಿಯರ ಕಿವಿಗೆ ಬೀಳದ ಕಡೆ ಕೂರಿಸಿಕೊಂಡು, ಕಳೆದ ವಾರ ರಾತ್ರಿ ಎಷ್ಟು ಸಲ ಎದ್ದಿರಿ, ಅವರೊಬ್ಬರನ್ನೇ ಬಿಟ್ಟು ಅಂಗಡಿಗೆ ಹೋಗಿಬರಲು ನಿಮಗೆ ಸಾಧ್ಯವೆ ಎಂದು ಕೇಳಿ ಬರೆದುಕೊಳ್ಳಬೇಕು.