ಬಸವನಹುಳು ತಿನ್ನುವ ಸಾಧು ಹಾವು

ಹಾವೆಂದೊಡನೆ ಕೋಲಿಗೆ ಕೈಚಾಚುವುದು ನಮ್ಮೆಲ್ಲರ ವಾಡಿಕೆ. ಆದರೆ ವಿಷವಿಲ್ಲದ, ಬಸವನಹುಳುಗಳನ್ನೇ ತಿಂದು ಬದುಕುವ ಹಾವುಗಳೂ ಸೃಷ್ಟಿಯಲ್ಲಿವೆಯೆಂಬುದನ್ನು ನಾವು ಅರಿಯಬೇಕು.

ಮಧ್ಯ ಹಾಗೂ ದಕ್ಷಿಣ ಅಮೆರಿಕದ ಉಷ್ಣವಲಯದ ಕಾಡುಗಳಲ್ಲಿರುವ ಡಿಪ್ಸಾಸ್ ಕುಲದ ಹಾವುಗಳು ಇಂಥವು. ಇವು ರಾತ್ರಿಯ ಹೊತ್ತು ಗಿಡಮರಗಳ ಮೇಲೆ ಆಹಾರವನ್ನರಸಿ ಸಂಚರಿಸುತ್ತವೆ. ಬಸವನಹುಳುವಿನ ಚಿಪ್ಪನ್ನು ಒಡೆಯುವುದಿಲ್ಲ. ಕೆಳದವಡೆಯನ್ನು ಅದರೊಳಗೆ ತೂರಿಸಿ, ದವಡೆಯ ಎಡಬಲ ಭಾಗಗಳನ್ನು ಒಂದಾದ ಮೇಲೊಂದರಂತೆ ಹಿಂದಕ್ಕೆಳೆಯುತ್ತ ಒಳಗಿನ ಮೃದು ದೇಹವನ್ನು ಹೊರತೆಗೆಯುತ್ತವೆ.

ಈ ಹಾವು ಮನುಷ್ಯನನ್ನು ಕಚ್ಚುವುದು ತೀರ ಅಪರೂಪ. ಹೆದರಿದಾಗ ತಲೆಯನ್ನು ಚಪ್ಪಟೆಯಾಗಿ ಅಗಲಿಸಿ ಮಂಡಲದ ಹಾವಿನಂತೆ ತೋರುತ್ತದೆ. ಶತ್ರುಗಳನ್ನು ಬೆದರಿಸಬೇಕಾದ ಈ ವೇಷವೇ ಮನುಷ್ಯನೆದುರು ಅದಕ್ಕೆ ಮುಳುವಾಗುತ್ತದೆ. ವಿಷಸರ್ಪವೆಂದು ಭಾವಿಸಿ ಕೊಂದುಬಿಡುವುದುಂಟು.

ಕೋಲಿಗಿಂತ ಮಿಗಿಲಾದ ಆಪತ್ತು ಕಾಡಿನ ನಾಶ. 2018ರಲ್ಲಿ ಈಕ್ವೆಡಾರ್ ಮತ್ತು ಪೆರು ದೇಶಗಳ ಕಾಡುಗಳಿಂದ ಈ ಬಳಗದ 5 ಹೊಸ ಪ್ರಭೇದಗಳನ್ನು ವಿಜ್ಞಾನಿಗಳು ಪ್ರಕಟಿಸಿದರು. ಅವುಗಳಲ್ಲಿ 4 ಆಗಲೇ ಅಳಿವಿನ ಭೀತಿಯಲ್ಲಿದ್ದವು. ಆಗ ಹಾವುಗಳಿಗೆ ಹೆಸರಿಡುವ ಹಕ್ಕನ್ನೇ ಹರಾಜು ಹಾಕಿ, ಬಂದ ಹಣವನ್ನು ಈಕ್ವೆಡಾರಿನ ಬ್ಯೂನವೆಂತುರಾ ರಕ್ಷಿತಾರಣ್ಯಕ್ಕೆ 72 ಹೆಕ್ಟೇರ್ ನೆಲವನ್ನು ಕೊಂಡು ಸೇರಿಸಲು ವಿನಿಯೋಗಿಸಿದರು. ದಾನಿಗಳಿಗೆ ಹೆಸರು ಉಳಿಯಿತು, ಹಾವಿಗೆ ನೆಲೆ ಉಳಿಯಿತು.

ಅರಿಯದೆ ಅಂಜುವುದು ಸಹಜ. ಅರಿಯದೆ ಕೊಲ್ಲುವುದು ತರವಲ್ಲ. ನಮ್ಮ ಮನೆಯಂಗಳಕ್ಕೆ ಯಾವ ಹಾವೇ ಬರಲಿ, ಮುಟ್ಟದೆ, ಹೊಡೆಯದೆ, ದೂರ ನಿಂತು ಬಲ್ಲವರನ್ನು ಕರೆಸೋಣ. ಮಕ್ಕಳಿಗೂ ಇದನ್ನೇ ಕಲಿಸೋಣ.