12ರಲ್ಲಿ 7 ಎಲ್ಲಿ ಹೋಯಿತು?

ಮಕ್ಕಳೇ, ಹೋದ ಶನಿವಾರ ನಮ್ಮ ಮನೆಯ ಅಂಗಳದಲ್ಲಿ ಒಂದು ಲೆಕ್ಕ ತಪ್ಪಿತ್ತು. ಪುಸ್ತಕದ ಲೆಕ್ಕವಲ್ಲ, ಕಾರಿನ ಲೆಕ್ಕ. ಅದನ್ನು ಹಿಡಿದುಕೊಟ್ಟವಳು ಏಳನೇ ತರಗತಿಯ ನನ್ನ ಮೊಮ್ಮಗಳು. ತಪ್ಪು ಯಾರದೆಂದು ಆಮೇಲೆ ಹೇಳುತ್ತೇನೆ.

ನಮ್ಮಲ್ಲಿ 1986ರ ಪ್ರೀಮಿಯರ್ ಪದ್ಮಿನಿ ಕಾರಿದೆ. ಮುಂಬೈಯಲ್ಲಿ ತಯಾರಾದ ಗಾಡಿ. ಇಟಲಿಯ ಫಿಯೆಟ್ 1100ರ ಮಾದರಿಯಿಂದ ಬಂದದ್ದರಿಂದ ನನ್ನ ವಯಸ್ಸಿನವರು ಈಗಲೂ ಅದನ್ನು ಫಿಯೆಟ್ ಎಂದೇ ಕರೆಯುತ್ತಾರೆ. ಗೇರು ಸ್ಟೇರಿಂಗಿನ ಪಕ್ಕದಲ್ಲಿ, ಮುಂದಿನ ಸೀಟು ಬೆಂಚಿನ ಹಾಗೆ ಉದ್ದಕ್ಕೆ. ಬ್ಯಾಂಕಿನಲ್ಲಿದ್ದಾಗ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು, ಇನ್ನೂ ಕೊಡಲು ಮನಸ್ಸಾಗಿಲ್ಲ.

ನಮ್ಮದು ಚಿಕ್ಕಮಗಳೂರು, ತಂಗಿಯ ಮನೆ ಉಜಿರೆ. ನಡುವೆ ಚಾರ್ಮಾಡಿ ಘಾಟಿ. ಮಳೆಗಾಲದಲ್ಲಿ ಅಲ್ಲಿ ಹಗಲಲ್ಲೂ ಮಂಜು ಕವಿಯುತ್ತದೆ. ಅದಕ್ಕೇ ಬಂಪರಿನ ಹತ್ತಿರ ಎರಡು ಫಾಗ್ ಲೈಟ್ ಹಾಕಿಸಿದ್ದೆ. ಅವು ಕೆಳಗೇ ಏಕಿರಬೇಕು ಗೊತ್ತೇ? ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಹನಿಗಳು. ಹೈಬೀಮ್ ಹಾಕಿದರೆ ಬೆಳಕು ಆ ಹನಿಗಳಿಗೆ ಬಡಿದು ನಮ್ಮ ಕಣ್ಣಿಗೇ ಹಿಂದಿರುಗುತ್ತದೆ. ಎದುರಿಗೆ ಬಿಳಿ ಪರದೆ ಕಟ್ಟಿದ ಹಾಗೆ. ಫಾಗ್ ಲೈಟಿನ ಬೆಳಕು ತಗ್ಗಿನಲ್ಲಿ ಅಗಲವಾಗಿ ಹರಡಿ ರಸ್ತೆಯ ಅಂಚನ್ನು ತೋರಿಸುತ್ತದೆ. ಘಾಟಿಯಲ್ಲಿ ಅಂಚು ಕಂಡರೆ ಜೀವ ಉಳಿದ ಹಾಗೆ.

ಹದಿನೈದು ದಿನದ ಹಿಂದೆ ನಾನೂ ನನ್ನಾಕೆಯೂ ಉಜಿರೆಗೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯತೊಡಗಿದಾಗ ಸಂಜೆ ಐದೂವರೆ. ಮೂರನೇ ತಿರುವಿನಲ್ಲಿ ಎರಡೂ ಫಾಗ್ ಲೈಟು ಮಿಣಮಿಣ ಅಂದವು, ಊದುಬತ್ತಿಯ ತುದಿಯಷ್ಟು ಕೆಂಪಾದವು, ಆರಿದವು. "ರೀ, ತಡೆಗೋಡೆ ಎಲ್ಲಿದೆ?" ಎಂದಳು ನನ್ನಾಕೆ. ನನಗೂ ಕಾಣಲಿಲ್ಲ. ಬ್ರೇಕ್ ಒತ್ತಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ನೋಡಿದರೆ ಗೋಡೆ ಎರಡು ಮೊಳ ದೂರದಲ್ಲಿತ್ತು. ಅದರಾಚೆ ಪ್ರಪಾತ. ಹಿಂದೆ ಬಂದ ಲಾರಿಯೊಂದನ್ನು ಮುಂದೆ ಬಿಟ್ಟು, ಅದರ ಕೆಂಪು ದೀಪವನ್ನೇ ನೋಡಿಕೊಂಡು ಹೇಗೋ ಕೆಳಗಿಳಿದೆವು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. "ಬಲ್ಬ್ ಹೋಗಿರಬೇಕು" ಎಂದೆ ನಾನು.

ಊರಿಗೆ ಬಂದು ಹೊಸ ಬಲ್ಬ್ ಹಾಕಿದೆ. ಮತ್ತೆ ಅದೇ ಊದುಬತ್ತಿ! ಆಗ ಮೊಮ್ಮಗಳು ಕೇಳಿದಳು: "ಎರಡು ಬಲ್ಬೂ ಒಟ್ಟಿಗೇ ಹೇಗೆ ಹೋಗುತ್ತವೆ ಅಜ್ಜ? ಎರಡಕ್ಕೂ ಸೇರಿದ್ದು ಯಾವುದೋ ಕೆಟ್ಟಿರಬೇಕು." ಮಾತು ಸರಿ. ಎರಡಕ್ಕೂ ಸೇರಿದ್ದು ಫ್ಯೂಸು, ರಿಲೇ, ಸ್ವಿಚ್ಚು ಮತ್ತು ಅರ್ಥ್ ವೈರು. ಫ್ಯೂಸ್ ಸರಿಯಿತ್ತು. ಸ್ವಿಚ್ ಹಾಕಿದರೆ ರಿಲೇ 'ಟಿಕ್' ಅನ್ನುತ್ತಿತ್ತು.

ಮೀಟರ್ ತಂದೆವು. ವೋಲ್ಟ್ ಎಂದರೆ ಕರೆಂಟನ್ನು ತಳ್ಳುವ ಒತ್ತಡ. ದೀಪ ಹಾಕಿಟ್ಟು, ದೀಪಕ್ಕೆ ಕರೆಂಟ್ ಬರುವ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದರೆ 12 ವೋಲ್ಟ್. ಅಂದರೆ ಬರುವ ದಾರಿ ಸರಿಯಿದೆ. ದೀಪದ ಎರಡು ವೈರುಗಳ ನಡುವೆ ಅಳೆದರೆ ಬರೀ 5. "ಹನ್ನೆರಡರಲ್ಲಿ ಏಳು ಎಲ್ಲಿ ಹೋಯಿತು ಅಜ್ಜ?"

ಬ್ಯಾಂಕಿನಲ್ಲಿ ದಿನದ ಲೆಕ್ಕ ಕೂಡದಿದ್ದರೆ ನಾವು ಮನೆಗೆ ಹೋಗುತ್ತಿರಲಿಲ್ಲ. ಜಮೆಗೆ ಸರಿಯಾಗಿ ಖರ್ಚು ಸಿಗಲೇಬೇಕು. ಕರೆಂಟಿನದೂ ಹಾಗೆಯೇ. ಬ್ಯಾಟರಿಯಿಂದ ಹೊರಟದ್ದು ದೀಪದ ಮೂಲಕ ಹಾದು ಮತ್ತೆ ಬ್ಯಾಟರಿಗೆ ಬಂದು ಸೇರಬೇಕು. ಕಾರಿನಲ್ಲಿ ಹಿಂದಿರುಗುವ ದಾರಿ ಎಂದರೆ ಗಾಡಿಯ ಕಬ್ಬಿಣದ ಮೈಯೇ. ದೀಪವನ್ನು ಆ ಮೈಗೆ ಜೋಡಿಸುವುದು ಅರ್ಥ್ ವೈರು. ದೀಪದ ಅರ್ಥ್ ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಅಳೆದೆವು. ಸರಿಯಾಗಿ 7! ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು. ಐದಕ್ಕೆ ಏಳು ಸೇರಿ ಹನ್ನೆರಡಾಯಿತು, ಲೆಕ್ಕ ಕೂಡಿತು. ಕಳ್ಳ ಅರ್ಥ್ ವೈರಿನಲ್ಲೇ ಇದ್ದ.

ವೈರು ಹಿಡಿದು ಹೋದರೆ ಬಂಪರಿನ ಹಿಂದೆ ಕಪ್ಪು ಟೇಪು ಸುತ್ತಿದ ಒಂದು ಗಂಟು. ಬಿಚ್ಚಿದಳು. ಒಳಗೆ ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. ವೈರಿನ ತುದಿಯನ್ನು ಬಣ್ಣ ಕೆರೆಯದೆ ಹಾಗೇ ಸ್ಕ್ರೂ ಕೆಳಗೆ ಸಿಕ್ಕಿಸಲಾಗಿತ್ತು, ಸುತ್ತ ತುಕ್ಕು. "ಇದನ್ನು ಯಾರು ಸುತ್ತಿದ್ದು ಅಜ್ಜ?"

ನಾನೇ. ಎರಡು ವರ್ಷದ ಹಿಂದೆ ಆ ವೈರು ತುಂಡಾಗಿತ್ತು. ಮದುವೆಗೆ ಹೊರಡುವ ಅವಸರದಲ್ಲಿ ಕೈಯಲ್ಲೇ ಹೊಸೆದು ಟೇಪು ಸುತ್ತಿದ್ದೆ. ಆಮೇಲೆ ಸರಿ ಮಾಡಿದರಾಯಿತು ಎಂದುಕೊಂಡು ಮರೆತೇಬಿಟ್ಟೆ. ಲೆಕ್ಕ ತಪ್ಪಿದಾಗ ಮೊದಲು ತಿದ್ದಿದ ಜಾಗ ನೋಡಬೇಕೆಂದು ಬ್ಯಾಂಕಿಗೆ ಬಂದ ಹೊಸ ಹುಡುಗರಿಗೆಲ್ಲ ಹೇಳುತ್ತಿದ್ದವನು ನಾನು!

ರಿಪೇರಿಗೆ ಒಂದು ಗಂಟೆ ಸಾಕಾಯಿತು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆವು. ಮಕ್ಕಳೇ, ಇದನ್ನು ಎಂದೂ ಮರೆಯಬೇಡಿ, ದೊಡ್ಡವರಿಲ್ಲದೆ ಕೈ ಹಾಕಲೂ ಬೇಡಿ. ಹಳೆ ವೈರು ಕಿತ್ತು ದಪ್ಪನೆಯ ಹೊಸದು ಹಾಕಿ, ತುದಿಗೆ ತಾಮ್ರದ ಥಿಂಬಲ್ ಒತ್ತಿ ಬೆಸುಗೆ ಹಾಕಿದೆ. ಮೊಮ್ಮಗಳು ಸ್ಯಾಂಡ್ ಪೇಪರಿನಿಂದ ತುಕ್ಕು, ಬಣ್ಣ ಎಲ್ಲ ಉಜ್ಜಿ ಕಬ್ಬಿಣ ಹೊಳೆಯುವಂತೆ ಮಾಡಿದಳು. ಬೋಲ್ಟ್ ಬಿಗಿ ಮಾಡಿ, ನೀರು ತಾಗದಂತೆ ಮೇಲೆ ವ್ಯಾಸಲಿನ್ ಸವರಿದೆವು. ಮತ್ತೆ ಅಳೆದರೆ ದೀಪಕ್ಕೆ 11.9, ಅರ್ಥ್ ವೈರಿನಲ್ಲಿ 0.1. ಎದುರಿನ ಗೋಡೆಯೆಲ್ಲ ಬೆಳಗಿತು.

ಆಮೇಲೆ ಒಳಗೆ ಹೋಗಿ ನನ್ನಾಕೆಗೆ ಹೇಳಿದೆ: "ಅವತ್ತು ಹೋದದ್ದು ಬಲ್ಬಲ್ಲ. ನಾನು ಸುತ್ತಿದ ಟೇಪು."

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು: "ಇಸ್ತ್ರಿಪೆಟ್ಟಿಗೆಗೆ ಅಂತ ನಾನು ತಂದಿಟ್ಟ ಟೇಪು. ಆಗಲೇ ಹೇಳಿದ್ದೆ, ಮೆಕ್ಯಾನಿಕ್ಕಿಗೆ ತೋರಿಸಿ ಅಂತ."

ಬರುವ ಭಾನುವಾರ ಮತ್ತೆ ಉಜಿರೆಗೆ ಹೊರಟಿದ್ದೇವೆ. ನಡುವಿನ ಜಾಗ ತನಗೇ ಬೇಕೆಂದು ಮೊಮ್ಮಗಳು ಈಗಲೇ ಹೇಳಿಟ್ಟಿದ್ದಾಳೆ. ಹೊಸ ವೈರಿಗೆ ಒಂದು ಚೀಟಿ ಕಟ್ಟಿ ತಾರೀಖು ಬರೆದಿದ್ದೇವೆ. ಬ್ಯಾಂಕಿನಲ್ಲಿ ತಿದ್ದಿದ ಕಡೆಯೆಲ್ಲ ಹಾಕುತ್ತಿದ್ದಂತೆ ಕೆಳಗೆ ಸಹಿಯೂ ಇದೆ. ಒಂದು ನನ್ನದು, ಒಂದು ಅವಳದು.